ಹಳೆಯ ಮನೆಯಲ್ಲಿ ಫ್ಯೂಸು ಹೋದಾಗ: ತಂತಿ ಕಟ್ಟುವ ಮೊದಲು, ಕಟ್ಟುವಾಗ, ಕಟ್ಟಿದ ಮೇಲೆ

ನಲವತ್ತು ಐವತ್ತು ವರ್ಷಗಳ ಹಿಂದೆ ವಯರಿಂಗ್ ಮಾಡಿಸಿದ ನಮ್ಮ ಕಡೆಯ ಮನೆಗಳಲ್ಲಿ ಈಗಲೂ ಒಂದು ಮರದ ಬೋರ್ಡು ಕಾಣಸಿಗುತ್ತದೆ. ಅದರ ಮೇಲೆ ಮೀಟರು, ಪಕ್ಕದಲ್ಲಿ ಹಿಡಿಕೆಯಿರುವ ಕಬ್ಬಿಣದ ಪೆಟ್ಟಿಗೆಯ ಮೇನ್ ಸ್ವಿಚ್ಚು, ಕೆಳಗೆ ಬಿಳಿ ಪಿಂಗಾಣಿಯ ನಾಲ್ಕೈದು ಫ್ಯೂಸುಗಳು, ಅಲ್ಲಿಂದ ತೇಗದ ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪು ಹಿಡಿಸಿ ಅಟ್ಟಕ್ಕೆ, ಅಡುಗೆಮನೆಗೆ, ಬಚ್ಚಲಿಗೆ ಎಳೆದ ವಯರುಗಳು. ಇಂಥ ಮನೆಯಲ್ಲಿ ಮಳೆಗಾಲದ ಸಂಜೆ ಫ್ಯೂಸು ಹೋದರೆ ಎಲ್ಲರೂ ಮೊದಲು ಕೇಳುವುದು ತಂತಿ ಎಲ್ಲಿದೆ ಎಂದು. ಅದಕ್ಕೂ ಮೊದಲು ಕೇಳಬೇಕಾದದ್ದು ಏಕೆ ಹೋಯಿತು ಎಂದು. ಇದನ್ನು ಇಷ್ಟು ಒತ್ತಿ ಹೇಳಲು ನನಗೆ ಕಾರಣವಿದೆ.

ನಮ್ಮ ಅಜ್ಜನ ಮನೆಯಲ್ಲಿ ಅಡುಗೆಮನೆಯ ಫ್ಯೂಸು ಪದೇ ಪದೇ ಹೋಗುತ್ತಿದ್ದುದರಿಂದ ಯಾರೋ ಹಳೆಯ ಇಸ್ತ್ರಿಪೆಟ್ಟಿಗೆಯ ವಯರನ್ನು ಸೀಳಿ, ಅದರೊಳಗಿನ ನಾಲ್ಕೈದು ಎಳೆಗಳನ್ನು ಹೊಸೆದು ಕಟ್ಟಿಬಿಟ್ಟಿದ್ದರು. ಆಮೇಲೆ ಎರಡು ವರ್ಷ ಆ ಫ್ಯೂಸು ಹೋಗಲೇ ಇಲ್ಲ. ದೋಷ ಸರಿಹೋಯಿತೆಂದೇ ನಾವೆಲ್ಲ ತಿಳಿದಿದ್ದೆವು. ಒಂದು ದಿನ ಅಡಿಕೆಯ ಚೀಲ ಇಳಿಸಲು ಅಟ್ಟ ಹತ್ತಿದಾಗ, ವಯರು ಹಾದುಹೋದ ತೇಗದ ಪಟ್ಟಿ ಎರಡು ಗೇಣು ಉದ್ದಕ್ಕೆ ಇದ್ದಿಲಿನಂತೆ ಕರಿದಾಗಿರುವುದು ಕಂಡಿತು. ವಯರಿನ ಹೊದಿಕೆ ಬೆರಳು ತಾಗಿದರೆ ಪುಡಿಯಾಗಿ ಉದುರುತ್ತಿತ್ತು. ಅದರ ಮಗ್ಗುಲಿಗೇ ಒಣಗಿದ ಗೋಣಿತಾಟುಗಳನ್ನು ಪೇರಿಸಿಟ್ಟಿದ್ದರು. ಮನೆ ಉಳಿದದ್ದು ಕೇವಲ ಪುಣ್ಯದಿಂದ ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಫ್ಯೂಸು ಎಂದರೆ ಇಡೀ ವಯರಿಂಗಿನಲ್ಲಿ ನಾವು ಬೇಕೆಂದೇ ಇಟ್ಟುಕೊಂಡಿರುವ ಅತ್ಯಂತ ದುರ್ಬಲವಾದ ತುಂಡು. ಮಿತಿಮೀರಿ ಕರೆಂಟು ಹರಿದಾಗ ಗೋಡೆಯೊಳಗಿನ ಅಥವಾ ಅಟ್ಟದ ಮೇಲಿನ ವಯರು ಸುಡುವ ಮೊದಲು, ಪಿಂಗಾಣಿಯ ಗೂಡಿನೊಳಗೆ ಕಣ್ಣಿಗೆ ಕಾಣುವ ಜಾಗದಲ್ಲಿ ಈ ತುಂಡು ಕರಗಿ ದಾರಿ ಕಡಿಯಬೇಕು. ಅದನ್ನು ದಪ್ಪ ಮಾಡಿದರೆ ಕರಗುವ ಸರದಿ ವಯರಿನದಾಗುತ್ತದೆ.

ತಂತಿಯ ಲೆಕ್ಕ

ಅಂಗಡಿಯಲ್ಲಿ ಫ್ಯೂಸ್ ವಯರ್ ಎಂದು ಸಿಗುವುದು ತವರ ಲೇಪಿಸಿದ ತಾಮ್ರದ ತಂತಿ. ಅದರ ದಪ್ಪಕ್ಕೂ ಆಂಪಿಯರಿಗೂ ನಿಶ್ಚಿತ ಸಂಬಂಧವಿದೆ: 0.20 ಮಿಲಿಮೀಟರ್ ದಪ್ಪದ್ದು 5 ಆಂಪಿಯರಿಗೆ, 0.35 ಮಿ.ಮೀ. 10 ಆಂಪಿಯರಿಗೆ, 0.50 ಮಿ.ಮೀ. 15 ಆಂಪಿಯರಿಗೆ, 0.85 ಮಿ.ಮೀ. 30 ಆಂಪಿಯರಿಗೆ. ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯವಿದೆ. 5 ಆಂಪಿಯರಿನ ತಂತಿ 5 ದಾಟಿದ ಕೂಡಲೇ ಕರಗುವುದಿಲ್ಲ. ನಾವೇ ತಂತಿ ಕಟ್ಟುವ ಈ ಬಗೆಯ ಫ್ಯೂಸು ಕರಗಬೇಕಾದರೆ ಅದರ ಮೇಲೆ ಬರೆದ ಅಂಕಿಯ ಹೆಚ್ಚುಕಡಿಮೆ ಎರಡು ಪಟ್ಟು ಕರೆಂಟು ಬೇಕು. ಅಂದರೆ 5ರ ತಂತಿ ಸುಮಾರು 10 ಆಂಪಿಯರಿಗೆ, 15ರ ತಂತಿ ಸುಮಾರು 30 ಆಂಪಿಯರಿಗೆ ಕರಗುತ್ತದೆ. ಹಳೆಯ ಮನೆಗಳಲ್ಲಿ ದೀಪದ ಲೈನಿಗೆ ಎಳೆದಿರುವ 1.5 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ವಯರು ಹೊಸದಾಗಿದ್ದಾಗಲೇ ತಡೆಯುತ್ತಿದ್ದುದು ಸುಮಾರು 10 ಆಂಪಿಯರು. ಅದಕ್ಕೆ 15ರ ತಂತಿ ಕಟ್ಟಿದರೆ, ವಯರು ತನ್ನ ಶಕ್ತಿಯ ಎರಡು ಪಟ್ಟು ಕರೆಂಟು ಹೊತ್ತು ಬೇಯುತ್ತಿದ್ದರೂ ಫ್ಯೂಸು ಕದಲುವುದಿಲ್ಲ. ಅಜ್ಜನ ಮನೆಯ ಅಟ್ಟದಲ್ಲಿ ಆದದ್ದು ಇದೇ.

ಆದ್ದರಿಂದ ದೀಪ ಮತ್ತು ಫ್ಯಾನಿನ ಲೈನಿಗೆ 5ರ ತಂತಿ, ಅದಕ್ಕೆಂದೇ ದಪ್ಪ ವಯರು ಎಳೆದಿರುವ ಪವರ್ ಪ್ಲಗ್ಗಿಗೆ 15ರ ತಂತಿ, ಇದನ್ನು ಮೀರಬಾರದು. ಫ್ಯೂಸಿನ ಹಿಡಿಕೆ, ಅಂದರೆ ಎಳೆದರೆ ಕೈಗೆ ಬರುವ ಪಿಂಗಾಣಿಯ ಭಾಗ, 15 ಆಂಪಿಯರಿನದು ಎಂಬ ಕಾರಣಕ್ಕೆ ಅದಕ್ಕೆ 15ರ ತಂತಿಯನ್ನೇ ಕಟ್ಟಬೇಕೆಂದೇನೂ ಇಲ್ಲ. ತಂತಿಯನ್ನು ನಿರ್ಧರಿಸುವುದು ಆ ಲೈನಿನ ವಯರು. ಕೈಯಲ್ಲಿರುವುದು ಯಾವ ತಂತಿಯೆಂದು ಅನುಮಾನವಿದ್ದರೆ ತೆಳುವಾದುದನ್ನೇ ಕಟ್ಟಿ. ತೆಳುವಾದದ್ದು ಹೋದರೆ ಕತ್ತಲಾಗುತ್ತದೆ, ಅಷ್ಟೇ.

ಕೈ ಹಾಕುವ ಮೊದಲು

ಮೊದಲು ಹೊರಗೆ ಬಂದು ಅಕ್ಕಪಕ್ಕದ ಮನೆಗಳನ್ನೂ ಬೀದಿದೀಪವನ್ನೂ ನೋಡಿ. ಎಲ್ಲೆಡೆ ಕತ್ತಲಾಗಿದ್ದರೆ ನಿಮ್ಮ ಫ್ಯೂಸಿನ ಗೊಡವೆಗೇ ಹೋಗಬೇಕಿಲ್ಲ. ನಿಮ್ಮ ಮನೆಯಲ್ಲಿ ಮಾತ್ರ ಪೂರ್ತಿ ಕರೆಂಟು ಹೋಗಿ, ಒಳಗಿನ ಫ್ಯೂಸುಗಳೆಲ್ಲ ಸರಿಯಾಗಿದ್ದರೆ, ದೋಷ ಕಂಬದಲ್ಲೋ ಮೀಟರಿಗೆ ಮೊದಲಿನ ಕಟೌಟಿನಲ್ಲೋ, ಅಂದರೆ ಕಂಪನಿಯ ಫ್ಯೂಸಿನಲ್ಲೋ, ಇರುತ್ತದೆ. ಆ ಕಟೌಟು ಮತ್ತು ಸೀಲು ಹಾಕಿದ ಎಲ್ಲ ಭಾಗಗಳು ವಿದ್ಯುತ್ ಸರಬರಾಜು ಕಂಪನಿಗೆ ಸೇರಿದವು. ಅವನ್ನು ನಾವು ಮುಟ್ಟುವುದು ಅಪಾಯ ಮಾತ್ರವಲ್ಲ, ಕಾನೂನಿಗೂ ವಿರುದ್ಧ. 1912ಕ್ಕೆ ಕರೆ ಮಾಡಿ, ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆ ಹೇಳಿದರೆ ಲೈನ್‌ಮನ್ ಬರುತ್ತಾರೆ.

ಮನೆಯ ಒಂದು ಭಾಗದಲ್ಲಿ ಮಾತ್ರ ಕರೆಂಟು ಹೋಗಿದ್ದರೆ ಅದು ನಿಮ್ಮ ಬೋರ್ಡಿನ ಫ್ಯೂಸು. ಕರೆಂಟು ಹೋಗುವ ಗಳಿಗೆಯಲ್ಲಿ ಯಾರು ಏನು ಮಾಡುತ್ತಿದ್ದರು ಎಂದು ಆಗಲೇ ಕೇಳಿ ತಿಳಿದುಕೊಳ್ಳಿ, ಏಕೆಂದರೆ ಅರ್ಧ ಗಂಟೆ ಕಳೆದರೆ ಅದು ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ. ಮಿಕ್ಸಿ ಹಾಕಿದಾಗ, ಬಚ್ಚಲಿನ ಸ್ವಿಚ್ಚು ಒತ್ತಿದಾಗ, ಗಾಳಿ ಮಳೆ ಜೋರಾದಾಗ, ಯಾರೂ ಏನೂ ಮಾಡದೆ ಸುಮ್ಮನೆ ಕೂತಿದ್ದಾಗ, ಇವುಗಳಲ್ಲಿ ಒಂದೊಂದೂ ಒಂದೊಂದು ದಾರಿ ತೋರಿಸುತ್ತದೆ.

ಆಮೇಲೆ ಟಾರ್ಚು ಹಿಡಿದು, ಕಾಲಿಗೆ ಒಣಗಿದ ರಬ್ಬರ್ ಚಪ್ಪಲಿ ಹಾಕಿ, ನೆಲ ಒದ್ದೆಯಿದ್ದರೆ ಒಣ ಮಣೆಯ ಮೇಲೆ ನಿಂತು, ಮೇನ್ ಸ್ವಿಚ್ಚನ್ನು ಆಫ್ ಮಾಡಿ. ಬೋರ್ಡಿನ ಗೋಡೆಯೇ ಮಳೆನೀರು ಇಳಿದು ತೇವವಾಗಿದ್ದರೆ ಮೇನ್ ಸ್ವಿಚ್ಚಿಗೂ ಕೈ ಹಾಕದೆ ವಯರ್‌ಮನ್‌ನನ್ನು ಕರೆಯಿರಿ. ಮೇನ್ ಆಫ್ ಆದ ಮೇಲೂ ಮೀಟರಿನಿಂದ ಮೇನ್ ಸ್ವಿಚ್ಚಿನ ಮೇಲ್ತುದಿಗೆ ಬರುವ ವಯರಿನಲ್ಲಿ ಕರೆಂಟು ಇದ್ದೇ ಇರುತ್ತದೆ ಎಂಬುದನ್ನು ಮರೆಯಬೇಡಿ. ಟೆಸ್ಟರಿನಿಂದ ನೋಡುವಾಗ, ಮೇನ್ ಆಫ್ ಮಾಡುವ ಮೊದಲೇ ಕರೆಂಟಿರುವ ಒಂದು ಪ್ಲಗ್ಗಿನಲ್ಲಿ ಚುಚ್ಚಿ ಟೆಸ್ಟರು ಹತ್ತುತ್ತದೆಯೇ ಎಂದು ಖಾತ್ರಿಪಡಿಸಿಕೊಳ್ಳಿ. ಆಫ್ ಮಾಡಿದ ಮೇಲೆ ಅದೇ ಪ್ಲಗ್ಗಿನಲ್ಲೂ ಫ್ಯೂಸಿನ ಬಳಿಯೂ ಚುಚ್ಚಿ ನೋಡಿ. ಕೆಟ್ಟ ಟೆಸ್ಟರು ಎಲ್ಲ ಕಡೆಯೂ ಕರೆಂಟಿಲ್ಲ ಎಂದೇ ತೋರಿಸುತ್ತದೆ.

ಹಳೆಯ ಮನೆಗಳಿಗೇ ಮೀಸಲಾದ ಒಂದು ಅಪಾಯವನ್ನು ಇಲ್ಲಿ ಹೇಳಬೇಕು. ಆಗಿನ ಕಾಲದಲ್ಲಿ ಅನೇಕ ಮನೆಗಳಲ್ಲಿ ಫೇಸಿಗೆ (ಕರೆಂಟು ತರುವ ವಯರಿಗೆ) ಒಂದು, ನ್ಯೂಟ್ರಲ್ಲಿಗೆ (ಅದು ಮರಳುವ ವಯರಿಗೆ) ಒಂದು, ಹೀಗೆ ಜೋಡಿ ಫ್ಯೂಸು ಹಾಕುವ ವಾಡಿಕೆಯಿತ್ತು. ನ್ಯೂಟ್ರಲ್ಲಿನ ಫ್ಯೂಸು ಹೋದರೆ ದೀಪ ಆರುತ್ತದೆ, ಫ್ಯಾನು ನಿಲ್ಲುತ್ತದೆ, ಆದರೆ ಫೇಸ್ ಮಾತ್ರ ಹೋಲ್ಡರಿನವರೆಗೂ ಹಾಗೆಯೇ ಬಂದು ನಿಂತಿರುತ್ತದೆ. ಕರೆಂಟಿಲ್ಲವೆಂದು ಬಲ್ಬಿನ ಹೋಲ್ಡರಿಗೆ ಕೈ ಹಾಕಿದವರಿಗೆ ಶಾಕ್ ಹೊಡೆಯುತ್ತದೆ. ಪ್ಲಗ್ಗಿನ ಎರಡೂ ತೂತುಗಳಲ್ಲಿ ಟೆಸ್ಟರು ಹತ್ತಿ, ದೀಪ ಮಾತ್ರ ಉರಿಯದಿದ್ದರೆ ನ್ಯೂಟ್ರಲ್ ಎಲ್ಲೋ ಕಡಿದಿದೆ ಎಂದೇ ತಿಳಿಯಿರಿ. ನ್ಯೂಟ್ರಲ್ಲಿನಲ್ಲಿ ಬಿಡಿ ಫ್ಯೂಸು ಇರಕೂಡದೆಂದು 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ಹೇಳಿತ್ತು. ನಿಮ್ಮ ಬೋರ್ಡಿನಲ್ಲಿ ಇನ್ನೂ ಇದ್ದರೆ ವಯರ್‌ಮನ್‌ನಿಂದ ಅದನ್ನು ತೆಗೆಸಿ, ಆ ಜಾಗದಲ್ಲಿ ಕರಗದ ಗಟ್ಟಿ ತಾಮ್ರದ ಲಿಂಕ್ ಹಾಕಿಸಿ. ಯಾವುದು ಫೇಸ್, ಯಾವುದು ನ್ಯೂಟ್ರಲ್ ಎಂದು ಅಳೆದು ನೋಡಿಯೇ ಮಾಡಬೇಕಾದ ಕೆಲಸವಿದು. ಹಳೆಯ ವಯರಿಂಗಿನಲ್ಲಿ ಬಣ್ಣವನ್ನು ನಂಬುವಂತಿಲ್ಲ.

ಸುಟ್ಟ ತಂತಿಯನ್ನು ನೋಡುವುದು

ಹಿಡಿಕೆಯನ್ನು ಅಲುಗಿಸದೆ ನೇರವಾಗಿ ಎಳೆದು ತೆಗೆದು, ಹೊಸ ತಂತಿ ಕಟ್ಟುವ ಆತುರ ಪಡದೆ, ಟಾರ್ಚಿನ ಬೆಳಕಿನಲ್ಲಿ ಒಂದು ನಿಮಿಷ ನೋಡಿ. ಕಾರಣ ಅರ್ಧ ಅಲ್ಲೇ ತಿಳಿಯುತ್ತದೆ.

ತಂತಿ ನಡುವೆ ಮಾತ್ರ ಕಡಿದು, ಎರಡೂ ತುದಿಗಳಲ್ಲಿ ಸಾಸಿವೆಗಿಂತ ಸಣ್ಣ ಗುಂಡುಗಳು ಕಾಣುತ್ತಿದ್ದು, ಪಿಂಗಾಣಿ ಬೆಳ್ಳಗೇ ಇದ್ದರೆ ಅದು ಲೋಡು ಹೆಚ್ಚಾಗಿ ನಿಧಾನವಾಗಿ ಕರಗಿದ್ದು. ತಂತಿಯೇ ಮಾಯವಾಗಿ, ಗೂಡಿನೊಳಗೆ ಮಸಿಯೋ ತಾಮ್ರದ ಹೊಳಪೋ ಚೆಲ್ಲಿದಂತೆ ಅಂಟಿಕೊಂಡಿದ್ದರೆ, ಹೋಗುವಾಗ ಟಪ್ಪೆಂದು ಸದ್ದೂ ಆಗಿದ್ದರೆ, ಅದು ಶಾರ್ಟ್. ಎಲ್ಲೋ ಫೇಸು ನ್ಯೂಟ್ರಲ್ಲಿಗೋ ಅರ್ತಿಗೋ (ಭೂಮಿಗೆ ಇಳಿಸಿದ ವಯರಿಗೋ) ನೇರವಾಗಿ ತಾಗಿದೆ. ತಂತಿ ತಿರುಪಿನ ಬುಡದಲ್ಲೇ ಕಡಿದು, ತಿರುಪು ನೀಲಿ ಬಣ್ಣಕ್ಕೆ ತಿರುಗಿದ್ದರೆ ಲೋಡಿಗೂ ಶಾರ್ಟಿಗೂ ಸಂಬಂಧವಿಲ್ಲ. ತಿರುಪು ಸಡಿಲವಾಗಿ ಅಲ್ಲಿಯೇ ಕಾದು ತಂತಿ ತುಂಡಾಗಿದೆ. ಮೂರನೆಯದು ಹಳೆಯ ಮನೆಗಳಲ್ಲಿ ಬಹಳ ಸಾಮಾನ್ಯ. ಪಿಂಗಾಣಿಯೊಳಗಿನ ಹಿತ್ತಾಳೆಯ ಹಲ್ಲುಗಳು ವರ್ಷಗಳ ಕಾಲ ಕಾದು ಕಸುವು ಕಳೆದುಕೊಂಡಿದ್ದರೆ ಹಿಡಿಕೆ ಬಿಗಿಯಾಗಿ ಕೂರುವುದೇ ಇಲ್ಲ. ಅಂಥದನ್ನು ಇಕ್ಕಳದಿಂದ ಒತ್ತಿ ಸರಿಮಾಡುವ ಬದಲು ಬುಡಸಮೇತ ಹೊಸದು ಹಾಕಿಸಬೇಕು. ಬಿರುಕು ಬಿಟ್ಟ ಪಿಂಗಾಣಿಗೂ ಇದೇ ಮಾತು. ಹಳೆಯ ಕೆಲವು ಫ್ಯೂಸುಗಳಲ್ಲಿ ಬೂದುಬಣ್ಣದ ನಾರಿನಂಥ ಪದರ ಅಥವಾ ಕೊಳವೆ ಇರುತ್ತದೆ. ಅದು ಆಸ್ಬೆಸ್ಟಾಸ್, ಅದನ್ನು ಕೆರೆಯುವುದಾಗಲಿ ಊದುವುದಾಗಲಿ ಮಾಡಬಾರದು.

ಕಟ್ಟುವ ಕ್ರಮ

ಎರಡೂ ತಿರುಪುಗಳನ್ನು ಸಡಿಲಿಸಿ ಹಳೆಯ ಚೂರುಗಳನ್ನೆಲ್ಲ ತೆಗೆಯಿರಿ, ಮಸಿಯನ್ನು ಒಣಬಟ್ಟೆಯಿಂದ ಒರೆಸಿ. ಹೊಸ ತಂತಿಯನ್ನು ಒಂದು ತಿರುಪಿಗೆ, ಅದು ಬಿಗಿಯಾಗಲು ತಿರುಗುವ ದಿಕ್ಕಿನಲ್ಲೇ, ಒಂದು ಸುತ್ತು ಸುತ್ತಿ. ಆಗ ಬಿಗಿಮಾಡುತ್ತ ಹೋದಂತೆ ತಂತಿ ಒಳಕ್ಕೆ ಎಳೆದುಕೊಳ್ಳುತ್ತದೆ, ಎದುರು ದಿಕ್ಕಿನಲ್ಲಿ ಸುತ್ತಿದರೆ ಹೊರಕ್ಕೆ ಜಾರುತ್ತದೆ. ಅಲ್ಲಿಂದ ಪಿಂಗಾಣಿಯ ತೋಡಿನೊಳಗೇ ತಂತಿಯನ್ನು ಹಾಯಿಸಿ ಇನ್ನೊಂದು ತಿರುಪಿಗೆ ಸುತ್ತಿ. ವೀಣೆಯ ತಂತಿಯಂತೆ ಬಿಗಿದು ಎಳೆಯಬೇಡಿ, ಎಳೆದ ತಂತಿ ತೆಳುವಾಗಿ ಕಾರಣವಿಲ್ಲದೆ ಹೋಗುತ್ತದೆ, ತುಸು ಸಡಿಲವಿರಲಿ. ತಿರುಪನ್ನು ಬಿಗಿ ಮಾಡಿ, ಆದರೆ ತಂತಿ ಜಜ್ಜಿಹೋಗುವಷ್ಟು ಒತ್ತಬೇಡಿ. ಉಳಿದ ತುದಿಗಳನ್ನು ಕತ್ತರಿಸಿ ತೆಗೆಯಿರಿ. ಒಂದೇ ಎಳೆ ಕಟ್ಟಬೇಕು. 5ರ ಎರಡು ಎಳೆ ಹೊಸೆದರೆ 10 ಆಗುತ್ತದೆಂದು ಲೆಕ್ಕ ಹಾಕುವುದು ತಪ್ಪು.

ಮೇನ್ ಆಫ್ ಇರುವಾಗಲೇ ಹಿಡಿಕೆಯನ್ನು ಗಟ್ಟಿಯಾಗಿ ಒತ್ತಿ ಕೂರಿಸಿ. ಆ ಲೈನಿನ ಎಲ್ಲ ಸ್ವಿಚ್ಚುಗಳನ್ನು ಆಫ್ ಮಾಡಿ, ಪ್ಲಗ್ಗುಗಳನ್ನು ಕಿತ್ತು ಹೊರಗಿಡಿ. ಸ್ವಿಚ್ಚು ಆಫ್ ಮಾಡಿದರೆ ಸಾಲದು, ಏಕೆಂದರೆ ಸ್ವಿಚ್ಚು ಕಡಿಯುವುದು ಒಂದೇ ವಯರನ್ನು, ಹಳೆಯ ವಯರಿಂಗಿನಲ್ಲಿ ಅದು ಯಾವ ವಯರೋ ಹೇಳಲಾಗದು. ಈಗ ಬೋರ್ಡಿನ ಎದುರಿಗೆ ನಿಲ್ಲದೆ ಪಕ್ಕಕ್ಕೆ ಸರಿದು, ಮುಖ ತಿರುಗಿಸಿ, ಒಂದೇ ಕೈಯಿಂದ ಮೇನ್ ಆನ್ ಮಾಡಿ.

ಎಲ್ಲವೂ ಆಫ್ ಇದ್ದಾಗಲೇ ಫ್ಯೂಸು ಮತ್ತೆ ಹೋದರೆ ದೋಷ ಖಾಯಂ ವಯರಿಂಗಿನಲ್ಲಿದೆ. ಅಲ್ಲಿಗೆ ನಿಮ್ಮ ಕೆಲಸ ನಿಲ್ಲಬೇಕು. ಮೂರನೆಯ ಬಾರಿ ಕಟ್ಟಿ ನೋಡಬೇಡಿ. ನಿಂತರೆ ಒಂದೊಂದೇ ಸ್ವಿಚ್ಚು ಹಾಕುತ್ತ, ಒಂದೊಂದೇ ಪ್ಲಗ್ಗು ಚುಚ್ಚುತ್ತ ಬನ್ನಿ. ಯಾವುದನ್ನು ಹಾಕಿದಾಗ ಹೋಯಿತೋ ಅದೇ ತಪ್ಪಿತಸ್ಥ. ಹೆಚ್ಚಿನ ಸಲ ಅದು ಇಸ್ತ್ರಿಪೆಟ್ಟಿಗೆಯ ವಯರು ಮಡಚುವ ಕುತ್ತಿಗೆಯಲ್ಲಿರುತ್ತದೆ, ಇಲ್ಲವೇ ಗೀಸರಿನ ಕಾಯಿಲಿನಲ್ಲಿ, ಇಲ್ಲವೇ ಬಲ್ಬು ಸಿಕ್ಕಿಸುವ ಹೋಲ್ಡರಿನೊಳಗೆ.

ಖಾಯಂ ವಯರಿಂಗಿನ ಶಾರ್ಟ್ ಹುಡುಕಲು ಅನುಭವಸ್ಥ ವಯರ್‌ಮನ್‌ಗಳು ಮಾಡುವ ಒಂದು ಉಪಾಯ ನೋಡಲು ಬಲು ಚೆನ್ನ. ಫ್ಯೂಸಿನ ಜಾಗದಲ್ಲಿ 100 ವಾಟಿನ ಹಳೆಯ ಗಾಜಿನ ಬಲ್ಬನ್ನು ಸರಣಿಯಾಗಿ ಜೋಡಿಸುತ್ತಾರೆ. ಶಾರ್ಟ್ ಇರುವವರೆಗೆ ಬಲ್ಬು ಪ್ರಕಾಶವಾಗಿ ಉರಿಯುತ್ತದೆ, ಆದರೆ ಕರೆಂಟು ಅರ್ಧ ಆಂಪಿಯರನ್ನೂ ಮುಟ್ಟುವುದಿಲ್ಲ. ಆಮೇಲೆ ಅಟ್ಟದಲ್ಲಿ ಒಂದೊಂದೇ ಕವಲನ್ನು ಬಿಡಿಸುತ್ತ ಹೋಗುತ್ತಾರೆ. ಯಾವ ಕವಲು ಬಿಟ್ಟಾಗ ಬಲ್ಬು ಆರಿತೋ ದೋಷ ಆ ಕವಲಿನಲ್ಲಿ. ಮನೆಯವರು ಇದನ್ನು ತಾವೇ ಮಾಡಬಾರದು. ಆದರೆ ಕರೆಸಿದವರು ಹೀಗೆ ಕ್ರಮವಾಗಿ ಹುಡುಕುತ್ತಾರೋ, ಅಥವಾ ದಪ್ಪ ತಂತಿ ಕಟ್ಟಿ ಹಣ ಕೇಳುತ್ತಾರೋ ಎಂದು ಪಕ್ಕದಲ್ಲಿ ನಿಂತು ನೋಡುವ ಹಕ್ಕು ಮನೆಯವರಿಗಿದೆ. ಹೆಂಚು ಸೋರುವ ಜಾಗ, ಇಲಿ ಓಡಾಡುವ ದಾರಿ, ಬಟ್ಟೆಯ ಟೇಪು ಸುತ್ತಿದ ಹಳೆಯ ಜಾಯಿಂಟು, ಮೇನ್ ಸ್ವಿಚ್ಚಿನೊಳಗೆ ಹೊಕ್ಕ ಹಲ್ಲಿ, ಇವುಗಳನ್ನು ಅವರಿಗೆ ಮೊದಲೇ ತೋರಿಸಿದರೆ ಕೆಲಸ ಬೇಗ ಮುಗಿಯುತ್ತದೆ.

ಲೋಡು ಹೆಚ್ಚಾಗಿದ್ದರೆ

ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಉಪಕರಣದ ಮೇಲೆ ಬರೆದ ವಾಟನ್ನು 230ರಿಂದ ಭಾಗಿಸಿದರೆ ಆಂಪಿಯರು ಸಿಗುತ್ತದೆ. 75 ವಾಟಿನ ಫ್ಯಾನಿಗೆ ಆಂಪಿಯರಿನ ಮೂರನೆಯ ಒಂದು ಭಾಗ ಸಾಕು. 1000 ವಾಟಿನ ಇಸ್ತ್ರಿಪೆಟ್ಟಿಗೆ 4.3 ಆಂಪಿಯರು, 750 ವಾಟಿನ ಮಿಕ್ಸಿ 3.3, 2000 ವಾಟಿನ ಇಂಡಕ್ಷನ್ ಒಲೆ 8.7, 3000 ವಾಟಿನ ಗೀಸರು 13 ಆಂಪಿಯರು ಎಳೆಯುತ್ತದೆ. ಈ ಮನೆಗಳಿಗೆ ವಯರು ಎಳೆದ ಕಾಲದಲ್ಲಿ ಅಡುಗೆಮನೆಯಲ್ಲಿದ್ದುದು ಒಂದು ಬಲ್ಬು, ಹೆಚ್ಚೆಂದರೆ ಒಂದು ರೇಡಿಯೊ ಪ್ಲಗ್ಗು. ಅದೇ ಲೈನಿನಲ್ಲಿ ಇಂದು ಮಿಕ್ಸಿ ಮತ್ತು ಇಂಡಕ್ಷನ್ ಒಲೆ ಒಟ್ಟಿಗೆ ಓಡಿದರೆ 12 ಆಂಪಿಯರು. 5ರ ತಂತಿ ಹೋಗಲೇಬೇಕು, ಹೋದದ್ದು ಸರಿಯೇ. ಅದಕ್ಕೆ ಪರಿಹಾರ ಬೋರ್ಡಿನಿಂದ ಆ ಉಪಕರಣಕ್ಕೆಂದೇ ಬೇರೆ ತಾಮ್ರದ ವಯರು ಎಳೆಸುವುದು. ಅಲ್ಲಿಯವರೆಗೆ ಒಂದು ಆಫ್ ಮಾಡಿ ಇನ್ನೊಂದು ಹಾಕುವ ಶಿಸ್ತು ಬೇಕು. ಬಾವಿಯ ಪಂಪು, ಫ್ರಿಜ್ಜು ಮುಂತಾದ ಮೋಟಾರುಗಳು ಹೊರಡುವ ಗಳಿಗೆಯಲ್ಲಿ ಓಡುವಾಗಿನ ಹಲವು ಪಟ್ಟು ಕರೆಂಟು ಎಳೆಯುವುದರಿಂದ ಅವನ್ನು ದೀಪದ ಲೈನಿಗೆ ಸೇರಿಸಲೇಬಾರದು.

ಫ್ಯೂಸು ಮಾಡಲಾಗದ ಕೆಲಸ

ಫ್ಯೂಸು ಕಾಯುವುದು ವಯರನ್ನು, ಮನುಷ್ಯರನ್ನಲ್ಲ. ಇದು ನನಗೆ ತೀರ ಮುಖ್ಯವೆನಿಸುವ ಮಾತು. ಗೀಸರಿನ ಕಬ್ಬಿಣದ ಮೈಗೆ ಫೇಸು ತಾಗಿತು ಎಂದುಕೊಳ್ಳಿ. ಹಿತ್ತಿಲಿನ ಅರ್ಥಿಂಗ್ ಗುಂಡಿ ನೀರು ಕಾಣದೆ ಒಣಗಿ ಅದರ ತಡೆ 25 ಓಮ್‌ಗೆ ಏರಿದ್ದರೆ, ಭೂಮಿಗೆ ಹರಿಯುವ ಕರೆಂಟು 230ನ್ನು 25ರಿಂದ ಭಾಗಿಸಿದಷ್ಟು, ಅಂದರೆ 9.2 ಆಂಪಿಯರು ಮಾತ್ರ. 15ರ ಫ್ಯೂಸಿಗೆ ಅದು ಲೆಕ್ಕಕ್ಕೇ ಇಲ್ಲ. ಗೀಸರಿನ ಮೈಯಲ್ಲಿ ಕರೆಂಟು ನಿಂತೇ ಇರುತ್ತದೆ, ಒದ್ದೆ ಮೈಯವರು ಯಾರಾದರೂ ಮುಟ್ಟುವವರೆಗೆ. ಅದೇ ತಡೆ 5 ಓಮ್ ಇದ್ದರೆ 46 ಆಂಪಿಯರು ಹರಿದು ಫ್ಯೂಸು ಕೆಲವೇ ಸೆಕೆಂಡುಗಳಲ್ಲಿ ಹೋಗುತ್ತದೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ಎರಡು ಬಿಂದಿಗೆ ನೀರು ಹಾಕಿ ಎಂದು ಹಿರಿಯರು ಹೇಳುತ್ತಿದ್ದುದು ಇದಕ್ಕಾಗಿಯೇ.

ಮನುಷ್ಯರ ಜೀವ ತೆಗೆಯಲು ಆಂಪಿಯರಿನ ಹತ್ತನೆಯ ಒಂದು ಭಾಗದಷ್ಟು ಕರೆಂಟೂ ಸಾಕಾಗುತ್ತದೆ. ಆದ್ದರಿಂದ 30 ಮಿಲಿಆಂಪಿಯರು ಸೋರಿದರೆ ಕಡಿಯುವ ಆರ್‌ಸಿಸಿಬಿಯನ್ನು, ದೀಪದ ಲೈನಿಗೆ 6 ಮತ್ತು ಪವರ್ ಲೈನಿಗೆ 16 ಆಂಪಿಯರಿನ ಎಂಸಿಬಿಗಳ (ಮಿತಿಮೀರಿ ಕರೆಂಟು ಹರಿದರೆ ತಾನೇ ಬೀಳುವ ಸ್ವಿಚ್ಚುಗಳ) ಜೊತೆ ಹಾಕಿಸಿಕೊಳ್ಳುವುದು ಹಳೆಯ ಮನೆಗೆ ಮಾಡಿಸಬಹುದಾದ ಅತ್ಯುತ್ತಮ ಕೆಲಸ. ಇದನ್ನು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಮಾಡಿಸಿ. ಮೊದಲು ಮೆಗ್ಗರ್ ಎಂಬ ಅಳತೆಯ ಉಪಕರಣ ಹಚ್ಚಿ 500 ವೋಲ್ಟಿನಲ್ಲಿ ವಯರುಗಳ ಇನ್ಸುಲೇಶನ್, ಅಂದರೆ ಹೊದಿಕೆಯ ತಡೆ, ಅಳೆಯಲು ಹೇಳಿ. ಒಂದು ಮೆಗಾಓಮ್‌ಗಿಂತ ಕಡಿಮೆ ಬಂದ ಲೈನನ್ನು ಬದಲಿಸಲೇಬೇಕು. ಆರ್‌ಸಿಸಿಬಿ ಹಾಕಿದ ದಿನವೇ ಅದು ಪದೇ ಪದೇ ಬೀಳತೊಡಗಿದರೆ ಬೇಸರಪಟ್ಟು ತೆಗೆಸಬೇಡಿ. ಇಷ್ಟು ವರ್ಷ ಫ್ಯೂಸಿಗೆ ಕಾಣದೆ ಸೋರುತ್ತಿದ್ದ ಕರೆಂಟನ್ನೋ, ಎರಡು ಲೈನುಗಳಿಗೆ ಒಂದೇ ನ್ಯೂಟ್ರಲ್ ಕಟ್ಟಿರುವುದನ್ನೋ ಅದು ತೋರಿಸಿಕೊಡುತ್ತಿದೆ.

ಪೂರ್ತಿ ವಯರಿಂಗ್ ಬದಲಿಸಲು ಸದ್ಯಕ್ಕೆ ಹಣ ಹೊಂದದಿದ್ದರೆ ಬಚ್ಚಲು ಮತ್ತು ಅಡುಗೆಮನೆಯ ಲೈನುಗಳನ್ನಾದರೂ ಮೊದಲು ಮಾಡಿಸಿ. ಅಷ್ಟರವರೆಗೆ ಬೋರ್ಡಿನ ಪಕ್ಕದಲ್ಲಿ ಒಂದು ಡಬ್ಬಿ ಇರಲಿ: 5ರ ತಂತಿ, 15ರ ತಂತಿ, ಮರದ ಹಿಡಿಯ ತಿರುಪುಳಿ, ಟೆಸ್ಟರು, ಟಾರ್ಚು. ಎರಡು ತಂತಿಗಳನ್ನೂ ಬೇರೆ ಬೇರೆ ರಟ್ಟಿಗೆ ಸುತ್ತಿ ಅಂಕಿ ಬರೆದಿಡಿ. ಪ್ರತಿಯೊಂದು ಫ್ಯೂಸಿನ ಕೆಳಗೂ ಅದು ಯಾವ ಕೋಣೆಯದು, ಎಷ್ಟರ ತಂತಿ ಎಂದು ಚೀಟಿ ಅಂಟಿಸಿ, ಫ್ಯೂಸು ಹೋದಾಗಲೆಲ್ಲ ತಾರೀಖನ್ನೂ ಕಾರಣವನ್ನೂ ಅದರಲ್ಲೇ ಬರೆಯಿರಿ. ಒಂದೇ ಫ್ಯೂಸಿನ ಕೆಳಗೆ ಮೂರು ತಾರೀಖು ಕೂಡಿದ ದಿನ ವಯರ್‌ಮನ್‌ನನ್ನು ಕರೆಸಿ ಆ ಚೀಟಿಯನ್ನೇ ಅವರ ಕೈಗೆ ಕೊಡಿ.